ಸಹಕಾರಿ ಸಂಘದ ಫ್ಲ್ಯಾಟ್ ನವೀಕರಣ: ಮೊದಲು ಅನುಮತಿ, ಅನಂತರ ಅಂದಾಜು

ಕರಾವಳಿ ಮತ್ತು ಉತ್ತರ ಕರ್ನಾಟಕದ ಅನೇಕ ವರ್ತಕ ಕುಟುಂಬಗಳು ಮುಂಬಯಿಯಲ್ಲಿ ಒಂದು ಫ್ಲ್ಯಾಟನ್ನು ಹೊಂದಿರುವುದು ಹೊಸ ಸಂಗತಿಯೇನಲ್ಲ. ಹೋಟೆಲು, ಬಟ್ಟೆ, ಸಾಗಾಣಿಕೆ ಮುಂತಾದ ವ್ಯವಹಾರಗಳ ನಿಮಿತ್ತ ಅಲ್ಲಿಗೆ ಹೋದ ಹಿಂದಿನ ತಲೆಮಾರಿನವರು 1970 ಮತ್ತು 1980ರ ದಶಕಗಳಲ್ಲಿ ಕೊಂಡ ಆ ಮನೆಗಳಿಗೆ ಈಗ ನಲವತ್ತು, ಐವತ್ತು ವರ್ಷಗಳಾಗಿವೆ. ಮಕ್ಕಳು, ಮೊಮ್ಮಕ್ಕಳು ಅಲ್ಲಿ ವಾಸಕ್ಕೆ ಹೋಗುವಾಗ, ಅಥವಾ ಬಾಡಿಗೆದಾರರು ಬಿಟ್ಟುಹೋದಾಗ, ಮನೆಯನ್ನು ಸಂಪೂರ್ಣ ನವೀಕರಿಸುವ ಪ್ರಶ್ನೆ ಏಳುತ್ತದೆ. ಇಂತಹ ಸಂದರ್ಭದಲ್ಲಿ ನಮ್ಮವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸವೆಂದರೆ ಗುತ್ತಿಗೆದಾರನೊಬ್ಬನನ್ನು ಕರೆದು ದರಪಟ್ಟಿ ಪಡೆಯುವುದು. ಅದನ್ನೇ ಆಯವ್ಯಯವೆಂದು ಭಾವಿಸಿ ಹಣ ಹೊಂದಿಸುವುದು. ಮುಂಗಡ ಕೊಟ್ಟ ಮೇಲೆ ಸಂಘದ ಕಾರ್ಯದರ್ಶಿಗೆ ತಿಳಿಸುವುದು. ಈ ಕ್ರಮವು ತಲೆಕೆಳಗಾದುದು ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ. ಅನುಮತಿಯೊಡನೆ ಬರುವ ಷರತ್ತುಗಳೇ ವೆಚ್ಚದ ಬಹುಭಾಗವನ್ನು ನಿರ್ಧರಿಸುವುದರಿಂದ, ಅನುಮತಿಗೆ ಮುಂಚಿನ ಅಂದಾಜು ಕೇವಲ ಊಹೆಯಾಗಿರುತ್ತದೆ.

ನಿಮ್ಮದೇನು, ಸಂಘದ್ದೇನು?

ಮುಂಬಯಿಯ ಬಹುತೇಕ ವಸತಿ ಕಟ್ಟಡಗಳು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯನ್ವಯ ನೋಂದಣಿಯಾದ ಗೃಹ ಸಂಘಗಳ ಆಡಳಿತದಲ್ಲಿವೆ. ಗೃಹ ಸಂಘಗಳಿಗೆ ಸಂಬಂಧಿಸಿದ ಪ್ರತ್ಯೇಕ ಅಧ್ಯಾಯವನ್ನು (13-ಬಿ) 2019ರಲ್ಲಿ ಈ ಕಾಯ್ದೆಗೆ ಸೇರಿಸಲಾಯಿತು. ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ನಮ್ಮಲ್ಲಿ ಗೃಹ ನಿರ್ಮಾಣ ಸಹಕಾರ ಸಂಘವೆಂದರೆ ಪ್ರಧಾನವಾಗಿ ಬಡಾವಣೆ ರಚಿಸಿ ನಿವೇಶನ ಹಂಚುವ ಸಂಸ್ಥೆ. ಬೆಂಗಳೂರಿನ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಮಾಲೀಕರಿಗೆ ಭೂಮಿಯಲ್ಲಿ ಅವಿಭಾಜ್ಯ ಪಾಲು ನೋಂದಣಿಯಾಗಿರುತ್ತದೆ. ಮುಂಬಯಿಯ ವ್ಯವಸ್ಥೆ ಬೇರೆ. ಹಸ್ತಾಂತರ ಪತ್ರವಾದ ಬಳಿಕ ಭೂಮಿ ಮತ್ತು ಕಟ್ಟಡ ಸಂಘದ ಸ್ವತ್ತು. ಸದಸ್ಯನ ಕೈಯಲ್ಲಿರುವುದು ಷೇರು ಪ್ರಮಾಣಪತ್ರ ಮತ್ತು ಅದರೊಡನೆ ಬರುವ ವಾಸದ ಹಕ್ಕು. ಹಳೆಯ ಸಂಘಗಳಲ್ಲಿ 50 ರೂಪಾಯಿ ಮುಖಬೆಲೆಯ 5 ಷೇರುಗಳ, ಅಂದರೆ 250 ರೂಪಾಯಿಯ ಪ್ರಮಾಣಪತ್ರವೊಂದು ಕೋಟಿಗಟ್ಟಲೆ ಬೆಲೆಯ ಮನೆಯ ಆಧಾರವಾಗಿರುವುದನ್ನು ಕಂಡು ಹೊಸಬರು ಬೆರಗಾಗುವುದುಂಟು.

ಆದ್ದರಿಂದ ನಿಮ್ಮ ಮನೆಯೊಳಗಿನ ಕಂಬ, ತೊಲೆ, ಸ್ಲ್ಯಾಬ್, ಹೊರಗೋಡೆ, ಸಾಮಾನ್ಯ ಕೊಳವೆ ಇವು ನಿಮ್ಮವಲ್ಲ. ಆಡಳಿತ ಸಮಿತಿಯ ಪೂರ್ವಾನುಮತಿಯಿಲ್ಲದೆ ಯಾವುದೇ ಸೇರ್ಪಡೆ ಅಥವಾ ಮಾರ್ಪಾಡು ಮಾಡತಕ್ಕದ್ದಲ್ಲ ಎಂದು ಮಾದರಿ ಉಪವಿಧಿಗಳು ಹೇಳುತ್ತವೆ.

ಈ ವಿಭಜನೆಯಿಂದ ಸದಸ್ಯನಿಗೆ ಲಾಭವೂ ಇದೆ. ಅದನ್ನು ಅನೇಕರು ಗಮನಿಸುವುದಿಲ್ಲ. ಮಾದರಿ ಉಪವಿಧಿಗಳ ಪ್ರಕಾರ ಹೊರಗೋಡೆ, ತಾರಸಿ, ಹೊರಗಿನ ನೀರಿನ ಹಾಗೂ ಒಳಚರಂಡಿ ಕೊಳವೆ, ಮಳೆನೀರಿನ ಸೋರಿಕೆ, ಫ್ಲ್ಯಾಟಿನ ಮುಖ್ಯ ಸ್ವಿಚ್ಚಿನವರೆಗಿನ ವಿದ್ಯುತ್ ತಂತಿ, ಛಾವಣಿಗಳ ರಚನಾತ್ಮಕ ದುರಸ್ತಿ ಇವೆಲ್ಲವೂ ಸಂಘದ ಖರ್ಚಿನಲ್ಲಿ ಆಗಬೇಕಾದ ಕೆಲಸಗಳು. ತಾರಸಿಯ ಸೋರಿಕೆಯಿಂದ ಮೇಲಂತಸ್ತಿನ ಫ್ಲ್ಯಾಟಿನ ಛಾವಣಿಯ ಗಿಲಾವು ಹಾಳಾಗಿದ್ದರೆ ಅದೂ ಸಂಘದ ಹೊಣೆ. ಶೌಚಾಲಯ, ಸಿಂಕು ಮುಂತಾದ ಒಳಗಿನ ಸೋರಿಕೆ ಮಾತ್ರ ಸಂಬಂಧಪಟ್ಟ ಫ್ಲ್ಯಾಟಿನವರದು. ಗುತ್ತಿಗೆದಾರನ ದರಪಟ್ಟಿಯಲ್ಲಿ 'ಹೊರಗೋಡೆಯ ತೇವ ನಿವಾರಣೆ', 'ಸ್ಲ್ಯಾಬಿನ ಕಬ್ಬಿಣಕ್ಕೆ ಲೇಪನ' ಎಂಬ ಬಾಬುಗಳಿದ್ದರೆ ಅವನ್ನು ಹೊರತೆಗೆದು, ಸಂಘಕ್ಕೆ ಪತ್ರ ಬರೆಯತಕ್ಕದ್ದು. ಈ ಕೆಲಸಗಳಿಗೆಂದೇ ಪ್ರತಿ ಸದಸ್ಯನಿಂದ ವರ್ಷಕ್ಕೆ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75ರಷ್ಟು ದುರಸ್ತಿ ನಿಧಿಯನ್ನೂ ಶೇ. 0.25ರಷ್ಟು ಸಿಂಕಿಂಗ್ ನಿಧಿಯನ್ನೂ ಸಂಗ್ರಹಿಸಲಾಗುತ್ತದೆ. ಹಲವು ವರ್ಷಗಳಿಂದ ಕೊಟ್ಟ ಹಣಕ್ಕೆ ಸಲ್ಲಬೇಕಾದ ಕೆಲಸವನ್ನು ಮತ್ತೆ ಸ್ವಂತ ಹಣದಿಂದ ಮಾಡಿಸಿಕೊಳ್ಳುವುದು ಔದಾರ್ಯವೇ ಹೊರತು ವ್ಯವಹಾರವಲ್ಲ.

ಅರ್ಜಿಗೆ ಮೊದಲು ನೋಡಬೇಕಾದ ಮೂರು ಕಾಗದಗಳು

ಮೊದಲನೆಯದು ಸದಸ್ಯತ್ವದ ದಾಖಲೆ. ತಂದೆಯವರು ತೀರಿಕೊಂಡು ವರ್ಷಗಳಾದರೂ ಷೇರು ಪ್ರಮಾಣಪತ್ರ ಅವರ ಹೆಸರಿನಲ್ಲಿಯೇ ಉಳಿದಿರುವುದು ನಮ್ಮ ಕುಟುಂಬಗಳಲ್ಲಿ ತೀರ ಸಾಮಾನ್ಯ. ಅರ್ಜಿಗೆ ಸಹಿ ಹಾಕುವವನು ಸದಸ್ಯನಲ್ಲದಿದ್ದರೆ ಸಮಿತಿಯು ಅದನ್ನು ಪರಿಗಣಿಸಬೇಕಾಗಿಲ್ಲ. 2019ರ ತಿದ್ದುಪಡಿಯ ನಂತರ ನಾಮನಿರ್ದೇಶಿತರಿಗೆ ತಾತ್ಕಾಲಿಕ ಸದಸ್ಯತ್ವ ಮಾತ್ರ ದೊರೆಯುತ್ತದೆ. ಪೂರ್ಣ ಸದಸ್ಯತ್ವಕ್ಕೆ ಉತ್ತರಾಧಿಕಾರದ ದಾಖಲೆ ಬೇಕು. ಸಹೋದರರ ನಡುವೆ ಹಕ್ಕು ಇತ್ಯರ್ಥವಾಗದ ಮನೆಗೆ ಒಬ್ಬನೇ ಲಕ್ಷಗಟ್ಟಲೆ ಸುರಿಯುವುದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಸಂಘದ ಬಾಕಿ ಇಲ್ಲವೆಂಬ ಪತ್ರ. ಇದು ಒಂದು ದಿನದ ಕೆಲಸ.

ಮೂರನೆಯದು ಅತಿ ಮುಖ್ಯವಾದುದು: ಕಟ್ಟಡದ ರಚನಾ ತಪಾಸಣಾ ವರದಿ, ಅಂದರೆ ಸ್ಟ್ರಕ್ಚರಲ್ ಆಡಿಟ್. ಮಾದರಿ ಉಪವಿಧಿಗಳನ್ವಯ 15ರಿಂದ 30 ವರ್ಷದ ಕಟ್ಟಡಗಳಿಗೆ 5 ವರ್ಷಕ್ಕೊಮ್ಮೆ, 30 ವರ್ಷ ಮೀರಿದವುಗಳಿಗೆ 3 ವರ್ಷಕ್ಕೊಮ್ಮೆ ಈ ತಪಾಸಣೆ ನಡೆಯಬೇಕು. 30 ವರ್ಷ ಮೀರಿದ ಕಟ್ಟಡವನ್ನು ನೋಂದಾಯಿತ ಎಂಜಿನಿಯರರಿಂದ ಪರೀಕ್ಷಿಸಿಸಿಕೊಳ್ಳಬೇಕೆಂದು ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353-ಬಿ ಕಲಂ ಸಹ ವಿಧಿಸುತ್ತದೆ. ಈ ವರದಿಯ ಪ್ರತಿಯನ್ನು ಕೇಳಿ ಓದಿದ ಮೇಲೆಯೇ ಹಣದ ವಿಚಾರ.

ಕಾರಣವಿಷ್ಟೆ. ನವೀಕರಣವು ನಿಮ್ಮ ಮಟ್ಟಿಗೆ ಬಂಡವಾಳ ವೆಚ್ಚ. ಅದು ಎಷ್ಟು ವರ್ಷ ಬಾಳುತ್ತದೆ ಎಂಬುದರ ಮೇಲೆ ಅದರ ನಿಜವಾದ ಬೆಲೆ ನಿಂತಿದೆ. 19 ಲಕ್ಷ ರೂಪಾಯಿ ಹಾಕಿದ ಮನೆಯನ್ನು 12 ವರ್ಷ ಬಳಸಿದರೆ ವರ್ಷಕ್ಕೆ ಸುಮಾರು 1.58 ಲಕ್ಷ ತಗಲುತ್ತದೆ. ಅದೇ ಕಟ್ಟಡ 4 ವರ್ಷದಲ್ಲಿ ಪುನರಭಿವೃದ್ಧಿಗೆ ಹೋದರೆ ವರ್ಷಕ್ಕೆ 4.75 ಲಕ್ಷ. ಹೊಸ ಟೈಲ್ಸ್ ಹಾಕಿಸಿದ ಮನೆಗೂ ಹಾಕಿಸದ ಮನೆಗೂ ಪುನರಭಿವೃದ್ಧಿಯಲ್ಲಿ ದೊರೆಯುವ ವಿಸ್ತೀರ್ಣ ಒಂದೇ. 2019ರ ಜುಲೈ 4ರ ಸರ್ಕಾರಿ ನಿರ್ದೇಶನಗಳ ಪ್ರಕಾರ ಒಟ್ಟು ಸದಸ್ಯರಲ್ಲಿ ಶೇ. 51ರಷ್ಟು ಜನ ಒಪ್ಪಿದರೆ ಪುನರಭಿವೃದ್ಧಿ ಮುಂದುವರಿಯಬಹುದಾಗಿದೆ. ಹೀಗಾಗಿ ಕಳೆದ ಮೂರು ವಾರ್ಷಿಕ ಸರ್ವಸದಸ್ಯರ ಸಭೆಗಳ ನಡಾವಳಿಯನ್ನು ತರಿಸಿಕೊಂಡು ಈ ವಿಷಯ ಪ್ರಸ್ತಾಪವಾಗಿದೆಯೇ ಎಂದು ನೋಡಬೇಕು. ಪ್ರಸ್ತಾಪವಾಗಿದ್ದರೆ ಸುಣ್ಣಬಣ್ಣ ಮತ್ತು ನಲ್ಲಿ ದುರಸ್ತಿಗೆ ಕೈ ನಿಲ್ಲಿಸುವುದು ಲೇಸು.

ಎರಡು ಅನುಮತಿಗಳು

ಸಂಘದ ಒಪ್ಪಿಗೆ ದೊರೆತರೆ ಪಾಲಿಕೆಯ ಅನುಮತಿ ಬೇಕಿಲ್ಲವೆಂಬ ಭಾವನೆ ವ್ಯಾಪಕವಾಗಿದೆ. ಇದು ಸರಿಯಲ್ಲ, ಒಂದು ಮತ್ತೊಂದರ ಸ್ಥಾನವನ್ನು ತುಂಬುವುದಿಲ್ಲ.

1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 342ನೇ ಕಲಮಿನನ್ವಯ ಕಟ್ಟಡದ ಸೇರ್ಪಡೆ, ಮಾರ್ಪಾಡುಗಳಿಗೆ ಪಾಲಿಕೆಗೆ ನೋಟೀಸು ಕೊಡಬೇಕು; ವಾಸಯೋಗ್ಯ ದುರಸ್ತಿಗಳಿಗೆ ಮಾತ್ರ ವಿನಾಯಿತಿ ಇದೆ. ಯಾವುದು ವಾಸಯೋಗ್ಯ ದುರಸ್ತಿ ಎಂಬುದನ್ನು ಕಾಯ್ದೆಯೇ ವಿವರಿಸಿದೆ. ಗಿಲಾವು, ಬಣ್ಣ, ಸಂದು ತುಂಬುವುದು, ನೆಲದ ಟೈಲ್ಸ್ ಬದಲಾಯಿಸುವುದು, ಶೌಚಾಲಯ ಹಾಗೂ ಬಚ್ಚಲಿನ ದುರಸ್ತಿ, ಕೊಳವೆ, ನಲ್ಲಿ ಮತ್ತು ವಿದ್ಯುತ್ ಸಲಕರಣೆಗಳ ಬದಲಾವಣೆ ಇವು ಆ ಪಟ್ಟಿಯಲ್ಲಿ ಸೇರುತ್ತವೆ. ಉದ್ದ, ಅಗಲ, ಎತ್ತರದ ಅಳತೆಗಳ ಬದಲಾವಣೆ, ಭಾರ ಹೊರುವ ಗೋಡೆ ಅಥವಾ ರಚನಾಂಗಗಳನ್ನು ತೆಗೆಯುವುದು, ನೆಲವನ್ನು ತಗ್ಗಿಸುವುದು, ಅಟ್ಟ ಕಟ್ಟುವುದು ಅಥವಾ ವಿಸ್ತರಿಸುವುದು ಇವು ಸೇರುವುದಿಲ್ಲ. ಸಾಮಾನು ಇಡಲು ಒಂದು ಅಟ್ಟವೆಂದು ಗುತ್ತಿಗೆದಾರನು ಹಗುರವಾಗಿ ಹೇಳುವ ಬಾಬು ಕಾನೂನಿನ ದೃಷ್ಟಿಯಲ್ಲಿ ಹಗುರವಲ್ಲ. ಅಡುಗೆಮನೆ ಮತ್ತು ಹಜಾರದ ನಡುವಣ ತೆಳು ಗೋಡೆಯನ್ನು ತೆಗೆಯುವುದೂ ವಿನಾಯಿತಿಯ ಪಟ್ಟಿಯಲ್ಲಿ ಹೆಸರಿಸಲ್ಪಟ್ಟಿಲ್ಲ. ಆದ್ದರಿಂದ ವಾಸ್ತುಶಿಲ್ಪಿಯ ಮೂಲಕ ಪಾಲಿಕೆಯನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ.

ಇದು ಕೇವಲ ಕಾಗದದ ಮಾತಲ್ಲ. 2017ರ ಜುಲೈ 25ರಂದು ಘಾಟ್‌ಕೋಪರದ ಸಿದ್ಧಿ ಸಾಯಿ ಸಹಕಾರಿ ಗೃಹ ಸಂಘದ ಕಟ್ಟಡ ಕುಸಿದು 17 ಜನ ಮೃತಪಟ್ಟರು. ನೆಲ ಅಂತಸ್ತಿನಲ್ಲಿ ನಡೆಯುತ್ತಿದ್ದ ಮಾರ್ಪಾಡಿನಿಂದ ಕಟ್ಟಡದ ಆಧಾರಕ್ಕೆ ಧಕ್ಕೆಯಾಯಿತೆಂಬ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ಸಮಿತಿಗಳು ಈಗ ಎಂಜಿನಿಯರರ ಪತ್ರವಿಲ್ಲದೆ ಅರ್ಜಿಯನ್ನು ಮುಟ್ಟದಿದ್ದರೆ ಅದನ್ನು ಕಿರುಕುಳವೆಂದು ಭಾವಿಸಲಾಗದು.

ಭಾರದ ವಿಷಯದಲ್ಲಿ ಒಂದು ಸರಳ ಲೆಕ್ಕವನ್ನು ವರ್ತಕರೂ ಮಾಡಿ ನೋಡಬಹುದು. ಹಳೆಯ ನೆಲವನ್ನು ಒಡೆಯದೆ ಅದರ ಮೇಲೆ 50 ಮಿಲಿಮೀಟರ್ ಗಾರೆ ಹಾಸಿ ಟೈಲ್ಸ್ ಕೂರಿಸಿದರೆ ಪ್ರತಿ ಚದರ ಮೀಟರಿಗೆ ಗಾರೆಯಿಂದ ಸುಮಾರು 100 ಕಿಲೋ, ಟೈಲ್ಸಿನಿಂದ ಸುಮಾರು 20 ಕಿಲೋ ಭಾರ ಹೆಚ್ಚುತ್ತದೆ. ವಸತಿ ಕೋಣೆಗಳ ಸ್ಲ್ಯಾಬಿಗೆ ಭಾರತೀಯ ಮಾನಕವು ಜನ ಹಾಗೂ ಸಾಮಾನುಗಳಿಗಾಗಿ ಲೆಕ್ಕ ಹಿಡಿಯುವ ಭಾರವೇ ಚದರ ಮೀಟರಿಗೆ ಸುಮಾರು 200 ಕಿಲೋ. ಅಂದರೆ ಒಂದು ನೆಲಹಾಸಿನಿಂದ ಅದರ ಅರ್ಧಕ್ಕಿಂತ ಹೆಚ್ಚನ್ನು ಬಳಸಿಬಿಟ್ಟಂತೆ. 650 ಚದರ ಅಡಿಯ ಮನೆಗೆ ಇದು ಏಳು ಟನ್ನಿಗೂ ಮಿಕ್ಕಿದ ಭಾರ, ಅದೂ ನಲವತ್ತು ವರ್ಷ ಸಮುದ್ರದ ಗಾಳಿಗೆ ಕಬ್ಬಿಣ ತುಕ್ಕು ಹಿಡಿದ ಸ್ಲ್ಯಾಬಿನ ಮೇಲೆ. ಹಳೆಯ ನೆಲವನ್ನು ತೆಗೆದೇ ಹೊಸದನ್ನು ಹಾಕಬೇಕೆಂದು ಸಂಘವು ಷರತ್ತು ಹಾಕುವುದು ಈ ಕಾರಣಕ್ಕೆ. ಆ ಷರತ್ತಿನಿಂದ ಒಡೆಯುವ ಕೂಲಿ, ಕಸ ಸಾಗಿಸುವ ಲಾರಿ, ಹೆಚ್ಚುವರಿ ದಿನಗಳು ಇವು ಅಂದಾಜಿಗೆ ಸೇರುತ್ತವೆ.

ಅರ್ಜಿಯ ಸ್ವರೂಪ

ಅರ್ಜಿಯು ಎರಡು ಸಾಲಿನ ಪತ್ರವಾಗಿರದೆ ಪೂರ್ಣ ಕಡತವಾಗಿದ್ದರೆ ನಿರ್ಧಾರ ಬೇಗ ಆಗುತ್ತದೆ. ಈಗಿರುವ ನಕ್ಷೆ, ಪ್ರಸ್ತಾವಿತ ನಕ್ಷೆ, ಕೋಣೆವಾರು ಕೆಲಸಗಳ ಪಟ್ಟಿ, ಎಂಜಿನಿಯರರ ಪತ್ರ, ಗುತ್ತಿಗೆದಾರನ ಹೆಸರು ಮತ್ತು ವಿಳಾಸ, ಕಾರ್ಮಿಕರ ಗುರುತು ದಾಖಲೆ, ವಾರವಾರದ ವೇಳಾಪಟ್ಟಿ, ಹಾನಿಯಾದರೆ ಭರಿಸುವ ಮುಚ್ಚಳಿಕೆ ಇಷ್ಟೂ ಇರತಕ್ಕದ್ದು.

ಇದರೊಡನೆ ಯಾರೂ ಕೇಳದಿದ್ದರೂ ಒಂದು ಕೆಲಸ ಮಾಡಬೇಕೆಂದು ನನ್ನ ಸಲಹೆ. ಕೆಲಸ ಆರಂಭಿಸುವ ಮುನ್ನ ಕೆಳಗಿನ ಮನೆಯವರ ಛಾವಣಿ ಮತ್ತು ಪಕ್ಕದ ಮನೆಯ ಗೋಡೆಯ ಛಾಯಾಚಿತ್ರಗಳನ್ನು ತೆಗೆದು, ದಿನಾಂಕ ಬರೆದು, ಆ ಮನೆಯವರ ಸಹಿ ಪಡೆದು ಒಂದು ಪ್ರತಿ ಸಂಘಕ್ಕೂ ಒಂದು ಪ್ರತಿ ಅವರಿಗೂ ಕೊಡಬೇಕು. ಹತ್ತು ವರ್ಷದ ಹಿಂದಿನ ಬಿರುಕಿಗೂ ನಿಮ್ಮಿಂದ ಪರಿಹಾರ ಕೇಳುವ ಸಂಭವವನ್ನು ಇದು ತಪ್ಪಿಸುತ್ತದೆ; ನಿಜವಾಗಿ ಹಾನಿಯಾಗಿದ್ದರೆ ಅವರಿಗೂ ಪುರಾವೆ ಸಿಗುತ್ತದೆ. ಬಚ್ಚಲಿನ ನೆಲ ಒಡೆದು ಹೊಸ ಜಲನಿರೋಧಕ ಹಾಸು ಹಾಕಿದ ಮೇಲೆ, ಟೈಲ್ಸ್ ಕೂರಿಸುವುದಕ್ಕೆ ಮೊದಲು, ನೀರು ನಿಲ್ಲಿಸಿ ಎರಡು ಮೂರು ದಿನ ಪರೀಕ್ಷಿಸಬೇಕು. ಆ ಪರೀಕ್ಷೆಯ ಕಾಲಕ್ಕೆ ಕೆಳಗಿನ ಮನೆಯವರನ್ನೇ ಸಾಕ್ಷಿಯಾಗಿ ಕರೆಯುವುದು ವಿವೇಕ. ಸೋರಿಕೆಯ ತಗಾದೆಗಳ ಬಹುಪಾಲು ಈ ಮೂರು ದಿನದ ತಾಳ್ಮೆ ಇಲ್ಲದ್ದರಿಂದ ಹುಟ್ಟುತ್ತವೆ. ಶೌಚಾಲಯವನ್ನು ಈಗಿರುವ ಸ್ಥಳದಿಂದ ಬೇರೆಡೆಗೆ ಸರಿಸುವ ಯೋಜನೆಯನ್ನಂತೂ ಮೊದಲೇ ಕೈಬಿಡುವುದು ಒಳಿತು. ಕೆಳಗಿನವರ ಅಡುಗೆಮನೆಯ ಮೇಲೆ ನಿಮ್ಮ ಶೌಚಾಲಯ ಬರುವುದನ್ನು ಯಾವ ಸಮಿತಿಯೂ ಒಪ್ಪಲಾರದು, ಒಪ್ಪಲೂಬಾರದು.

ಒಪ್ಪಿಗೆಯನ್ನು ಸಮಿತಿಯ ನಿರ್ಣಯದ ರೂಪದಲ್ಲಿ, ಬರವಣಿಗೆಯಲ್ಲಿ ಪಡೆಯಬೇಕು. ಮೆಟ್ಟಿಲ ಮೇಲೆ ಎದುರಾದ ಕಾರ್ಯದರ್ಶಿ "ಶುರುಮಾಡಿ ಸ್ವಾಮಿ" ಎಂದದ್ದು ಒಪ್ಪಿಗೆಯಲ್ಲ. ಮುಂದಿನ ತಿಂಗಳ ಚುನಾವಣೆಯಲ್ಲಿ ಅವರೇ ಇರದಿರಬಹುದು. ಸಮಿತಿಯು ಕಾರಣವಿಲ್ಲದೆ ನಿರಾಕರಿಸಿದರೆ ಅಥವಾ ಉತ್ತರಿಸದಿದ್ದರೆ ಸರ್ವಸದಸ್ಯರ ಸಭೆಯ ಮುಂದೆ ವಿಷಯವನ್ನಿಡಬಹುದು. ಆ ಮೇಲೆ ಉಪನಿಬಂಧಕರು, ಸಹಕಾರಿ ನ್ಯಾಯಾಲಯ ಇದ್ದೇ ಇವೆ. ಆದರೆ ವರ್ಷಗಟ್ಟಲೆ ಕಾಯುವುದಕ್ಕಿಂತ ಎಂಜಿನಿಯರರನ್ನು ಸಮಿತಿಯ ಸಭೆಗೆ ಕರೆದೊಯ್ದು ಅರ್ಧ ಗಂಟೆ ವಿವರಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಬಿಕ್ಕಟ್ಟು ಬಿಡಿಸಿಕೊಳ್ಳುತ್ತದೆ.

ಒಂದು ಉದಾಹರಣೆ

ತಿಳಿವಳಿಕೆಗಾಗಿ ಊಹಿಸಿಕೊಂಡ ಅಂಕಿಗಳನ್ನು ನೋಡೋಣ. 1978ರ ಕಟ್ಟಡದ ಮೂರನೇ ಅಂತಸ್ತಿನಲ್ಲಿ 650 ಚದರ ಅಡಿಯ ಫ್ಲ್ಯಾಟು. ಗುತ್ತಿಗೆದಾರನ ಮೊದಲ ದರಪಟ್ಟಿ ತೆರಿಗೆ ಹೊರತಾಗಿ 11,40,000 ರೂ. ಸಮಿತಿಯು ಶೌಚಾಲಯ ಸರಿಸುವುದನ್ನು ನಿರಾಕರಿಸಿದ್ದರಿಂದ 90,000 ರೂ. ಕಡಿಮೆಯಾಯಿತು. ಹಳೆಯ ನೆಲ ಒಡೆಯುವ ಷರತ್ತಿನಿಂದ 60,000 ರೂ. ಕೂಡಿತು. ಎರಡೂ ಬಚ್ಚಲುಗಳಿಗೆ ಹೊಸ ಜಲನಿರೋಧಕ ಕೆಲಸ ಕಡ್ಡಾಯವಾದುದರಿಂದ ಮತ್ತೆ 90,000 ರೂ. ಹೀಗೆ ಪರಿಷ್ಕೃತ ಮೊತ್ತ 12,00,000 ರೂ.

ಇನ್ನು ಸಮಯದ ಬೆಲೆ. ದಿನಕ್ಕೆ 9 ಗಂಟೆಯಂತೆ 60 ದಿನದಲ್ಲಿ ಮುಗಿಸುವುದಾಗಿ ಗುತ್ತಿಗೆದಾರನು ಹೇಳಿದ್ದಾನೆ. ಅಂದರೆ 540 ಗಂಟೆ. ಸಂಘವು ಬೆಳಿಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 6ರವರೆಗೆ ಮಾತ್ರ ಅವಕಾಶ ಕೊಡುತ್ತದೆ, ಭಾನುವಾರ ರಜೆ. ದಿನಕ್ಕೆ 6 ಗಂಟೆಯಾದರೆ 90 ಕೆಲಸದ ದಿನ, ತಿಂಗಳಿಗೆ 26 ದಿನದಂತೆ ಮೂರೂವರೆ ತಿಂಗಳು. ಈ ಅವಧಿಗೆ ಬೇರೆ ಮನೆಯ ಬಾಡಿಗೆ ತಿಂಗಳಿಗೆ 45,000 ರೂ. ಎಂದು ಹಿಡಿಯೋಣ.

ಅಂದಾಜು ಪಟ್ಟಿ (ರೂಪಾಯಿಗಳಲ್ಲಿ):
ಪರಿಷ್ಕೃತ ಗುತ್ತಿಗೆ ಮೊತ್ತ: 12,00,000
ಸರಕು ಮತ್ತು ಸೇವಾ ತೆರಿಗೆ, ಶೇ. 18: 2,16,000
ಎಂಜಿನಿಯರ್ ಮತ್ತು ವಾಸ್ತುಶಿಲ್ಪಿ ಶುಲ್ಕ: 40,000
ಲಿಫ್ಟು, ನೀರು ಇತ್ಯಾದಿ ಸಂಘದ ಶುಲ್ಕ: 20,000
ಒಡೆದ ಇಟ್ಟಿಗೆ, ಗಾರೆ ಸಾಗಣೆ: 30,000
ಬದಲಿ ಮನೆ ಬಾಡಿಗೆ: 1,57,500
ಸಾಮಾನು ಸಾಗಿಸಿ ಮರಳಿ ತರುವುದು: 25,000
ಅನಿರೀಕ್ಷಿತ ವೆಚ್ಚಕ್ಕೆ, ತೆರಿಗೆ ಸಹಿತ ಗುತ್ತಿಗೆಯ ಶೇ. 15: 2,12,400
ಒಟ್ಟು: 19,00,900

ಇದಲ್ಲದೆ ಸಂಘದಲ್ಲಿ ಇಡಬೇಕಾದ ಮರುಪಾವತಿ ಠೇವಣಿ 50,000 ರೂ. ಅದು ವೆಚ್ಚವಲ್ಲವಾದರೂ ಕೈಯಿಂದ ಹೊರಹೋಗುವ ಹಣ. ಆದ್ದರಿಂದ ಹೊಂದಿಸಬೇಕಾದುದು 19,50,900 ರೂ. ಮೊದಲ ದರಪಟ್ಟಿಯ 11,40,000ಕ್ಕೂ ಒಟ್ಟು ವೆಚ್ಚಕ್ಕೂ ಇರುವ ಅಂತರ ಆ ದರಪಟ್ಟಿಯ ಸುಮಾರು ಮೂರನೇ ಎರಡರಷ್ಟು. ಇದರಲ್ಲಿ ಗುತ್ತಿಗೆದಾರನ ಮೋಸವೇನೂ ಇಲ್ಲ. ಅವನು ತನ್ನ ಕೆಲಸದ ಬೆಲೆಯನ್ನು ಹೇಳಿದ್ದಾನೆ, ನಿಮ್ಮ ವೆಚ್ಚವನ್ನಲ್ಲ.

ಅನಿರೀಕ್ಷಿತ ವೆಚ್ಚಕ್ಕೆ ಶೇ. 15 ಹೆಚ್ಚೆನಿಸಬಹುದು. ಹಳೆಯ ಕಟ್ಟಡದಲ್ಲಿ ಟೈಲ್ಸ್ ಎಬ್ಬಿಸುವವರೆಗೆ ಕೆಳಗಿನ ಕೊಳವೆಯ ಸ್ಥಿತಿ ತಿಳಿಯುವುದಿಲ್ಲ, ಗಿಲಾವು ಕೆರೆಯುವವರೆಗೆ ತಂತಿಯ ಸ್ಥಿತಿ ತಿಳಿಯುವುದಿಲ್ಲ. ಶೇ. 10ಕ್ಕಿಂತ ಕಡಿಮೆ ಇಡುವುದನ್ನು ನಾನು ಒಪ್ಪಲಾರೆ. ಆದರೆ ಈ ಮೊತ್ತದ ಇರುವಿಕೆಯನ್ನು ಗುತ್ತಿಗೆದಾರನಿಗೆ ತಿಳಿಸಬಾರದು, ಮನೆಯವರಿಗೂ ತಿಳಿಸದಿದ್ದರೆ ಇನ್ನೂ ಉತ್ತಮ. ಇಲ್ಲವಾದರೆ ಅದು ಅಡುಗೆಮನೆಯ ಕಪಾಟಿನ ರೂಪ ತಾಳುತ್ತದೆ. ಆರಂಭದ ತಿಂಗಳಿನ ಬಗೆಗೂ ಒಂದು ಮಾತು: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗಿಲಾವು, ಬಣ್ಣ ಒಣಗುವುದಿಲ್ಲ, ದೀಪಾವಳಿ ಮತ್ತು ಹೋಳಿಗೆ ಕಾರ್ಮಿಕರು ಊರಿಗೆ ಹೋಗುತ್ತಾರೆ. ದೀಪಾವಳಿ ಮುಗಿದ ಕೂಡಲೇ ಆರಂಭಿಸಿ ಹೋಳಿಗೆ ಮುಂಚೆ ಮುಗಿಸುವಂತೆ ಹೊಂದಿಸಿಕೊಂಡರೆ ಮೂರೂವರೆ ತಿಂಗಳು ಸರಿಯಾಗಿ ಸಿಗುತ್ತದೆ. ಅದಕ್ಕಾಗಿ ಅರ್ಜಿಯು ಜುಲೈ, ಆಗಸ್ಟಿನಲ್ಲೇ ಸಂಘವನ್ನು ತಲುಪಿರಬೇಕು.

ತೆರಿಗೆಯ ಅಂಶಗಳು

"ಬಿಲ್ಲು ಬೇಡವೆಂದರೆ ಶೇ. 18 ಉಳಿಯುತ್ತದೆ" ಎಂಬ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಇದನ್ನು ನೀತಿಯ ಪ್ರಶ್ನೆಯಾಗಿ ಅಲ್ಲದೆ ಲೆಕ್ಕದ ಪ್ರಶ್ನೆಯಾಗಿಯೇ ನೋಡೋಣ. ಬಂಡವಾಳ ಸ್ವರೂಪದ 10 ಲಕ್ಷದ ಕೆಲಸಕ್ಕೆ ತೆರಿಗೆ 1.8 ಲಕ್ಷ, ಒಟ್ಟು 11.8 ಲಕ್ಷ. ಮುಂದೆ ಮನೆ ಮಾರಿದಾಗ ಈ ಮೊತ್ತವನ್ನು ಸುಧಾರಣಾ ವೆಚ್ಚವೆಂದು ಕಳೆಯಬಹುದು. ದೀರ್ಘಾವಧಿ ಬಂಡವಾಳ ಲಾಭದ ಮೇಲಿನ ಶೇ. 12.5ರ ದರದಲ್ಲಿ ಉಳಿಯುವ ತೆರಿಗೆ 1,47,500 ರೂ. ಹಾಗಾದರೆ ಬಿಲ್ಲಿನ ನಿವ್ವಳ ಬೆಲೆ 32,500 ರೂ. ಮಾತ್ರ. ಬಿಲ್ಲಿಲ್ಲದವನಿಗೆ ಈ ಕಳೆಯುವಿಕೆಯೂ ಇಲ್ಲ, ಕೆಲಸ ಕೆಟ್ಟರೆ ಕೇಳುವ ಹಕ್ಕಿಗೆ ದಾಖಲೆಯೂ ಇಲ್ಲ, ಹಣದ ಮೂಲವನ್ನು ಇಲಾಖೆ ಪ್ರಶ್ನಿಸಿದರೆ ಉತ್ತರವೂ ಇಲ್ಲ. ಆದರೆ ಉಳಿತಾಯ ಕೈಗೆ ಬರುವುದು ಮಾರಾಟದ ವರ್ಷದಲ್ಲಿ. ಮತ್ತೊಂದು ಮನೆ ಕೊಂಡು ಪೂರ್ಣ ವಿನಾಯಿತಿ ಪಡೆಯುವವರಿಗೆ ಅದರ ಪ್ರಯೋಜನವಿಲ್ಲ. ಬಣ್ಣ, ಚಿಲ್ಲರೆ ದುರಸ್ತಿಗಳು ಸುಧಾರಣೆಯೆನಿಸುವುದಿಲ್ಲ. ಆದ್ದರಿಂದ ಬಂಡವಾಳ ಕೆಲಸಕ್ಕೂ ದುರಸ್ತಿಗೂ ಬೇರೆ ಬೇರೆ ಬಿಲ್ಲು ಕೇಳಿ ಪಡೆಯಬೇಕು. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಮನೆಯಾದರೆ ನಿವಾಸಿ ವ್ಯಕ್ತಿ ಹಾಗೂ ಹಿಂದೂ ಅವಿಭಕ್ತ ಕುಟುಂಬಕ್ಕೆ ಸೂಚ್ಯಂಕ ಸಹಿತ ಶೇ. 20ರ ಲೆಕ್ಕವನ್ನೂ ಹೋಲಿಸಿ ನೋಡುವ ಅವಕಾಶವಿದೆ.

ಸೇವೆಗಳಲ್ಲಿ ವಾರ್ಷಿಕ ವಹಿವಾಟು 20 ಲಕ್ಷ ಮೀರದ ಸಣ್ಣ ಗುತ್ತಿಗೆದಾರನು ನೋಂದಣಿ ಇಲ್ಲದೆಯೇ ನ್ಯಾಯವಾಗಿ ಕೆಲಸ ಮಾಡಬಹುದು. ಅವನು ತೆರಿಗೆ ವಿಧಿಸುವಂತಿಲ್ಲ. ಅವನಿಂದಲೂ ಸಹಿ ಮಾಡಿದ ಬಿಲ್ಲು ಪಡೆದು, ಬ್ಯಾಂಕಿನ ಮೂಲಕವೇ ಪಾವತಿಸತಕ್ಕದ್ದು. ಟೈಲ್ಸ್, ಸಿಮೆಂಟು, ನಲ್ಲಿಗಳನ್ನು ತಾವೇ ಕೊಂಡು ಕೂಲಿಯನ್ನಷ್ಟೇ ಗುತ್ತಿಗೆ ಕೊಡುವ ಪದ್ಧತಿಯೂ ಇದೆ. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದದ್ದು ಅಂತಹವರಿಗೆ ಅಲ್ಪ ಅನುಕೂಲ. ಮುಂಬಯಿಯಲ್ಲಿ ನಿಂತು ನೋಡಿಕೊಳ್ಳುವವರಿಲ್ಲದಿದ್ದರೆ ಈ ಪದ್ಧತಿ ಬೇಡ; ಸಾಮಗ್ರಿಯ ವ್ಯರ್ಥವೇ ಉಳಿತಾಯವನ್ನು ನುಂಗುತ್ತದೆ.

ಸಾಲ ಮಾಡಿ ನವೀಕರಿಸುವವರು ಬಡ್ಡಿಯ ರಿಯಾಯಿತಿಯನ್ನು ನಂಬಿ ಕೂರಬಾರದು. ಸ್ವಂತ ವಾಸದ ಮನೆಯ ಖರೀದಿ ಅಥವಾ ನಿರ್ಮಾಣದ ಸಾಲಕ್ಕೆ ವರ್ಷಕ್ಕೆ 2 ಲಕ್ಷದವರೆಗೆ ಬಡ್ಡಿ ಕಳೆಯಲು ಅವಕಾಶವಿದ್ದರೆ, ದುರಸ್ತಿ ಮತ್ತು ನವೀಕರಣದ ಸಾಲಕ್ಕೆ ಮಿತಿ ಕೇವಲ 30,000 ರೂ.; ಅದೂ ಆ 2 ಲಕ್ಷದೊಳಗೇ. 1961ರ ಕಾಯ್ದೆಯ 24(ಬಿ) ಕಲಮಿನ ಈ ಮಿತಿಗಳನ್ನು 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಉಳಿಸಿಕೊಳ್ಳಲಾಗಿದೆ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವವರಿಗೆ ಸ್ವಂತ ವಾಸದ ಮನೆಯ ಬಡ್ಡಿಗೆ ಯಾವ ರಿಯಾಯಿತಿಯೂ ಇಲ್ಲ. ಒಮ್ಮೆ ಕಳೆದುಕೊಂಡ ಬಡ್ಡಿಯನ್ನು ಮಾರಾಟದ ವೇಳೆ ಮನೆಯ ವೆಚ್ಚಕ್ಕೆ ಮತ್ತೆ ಸೇರಿಸುವ ದಾರಿಯನ್ನು 2023ರ ಹಣಕಾಸು ಕಾಯ್ದೆ ಮುಚ್ಚಿದೆ. ಬಾಡಿಗೆಗೆ ಕೊಟ್ಟ ಮನೆಯಾದರೆ ವಾರ್ಷಿಕ ಮೌಲ್ಯದ ಶೇ. 30ರ ಕಳೆಯುವಿಕೆಯಲ್ಲಿಯೇ ದುರಸ್ತಿ ಅಡಗಿರುತ್ತದೆ; ನಿಜವಾದ ಖರ್ಚು ಎಷ್ಟೇ ಆಗಿದ್ದರೂ ಪ್ರತ್ಯೇಕವಾಗಿ ಸಿಗದು. ಅಂಗಡಿ ಅಥವಾ ಹೋಟೆಲಿನ ದುರಸ್ತಿ ಖಾತೆಗೆ ಮನೆಯ ಬಿಲ್ಲನ್ನು ತುರುಕುವ ಅಭ್ಯಾಸವು ನಮ್ಮ ವರ್ತಕರಲ್ಲಿ ಇಲ್ಲವೆನ್ನಲಾಗದು. ಬಿಲ್ಲಿನ ಮೇಲೆ ಫ್ಲ್ಯಾಟಿನ ವಿಳಾಸವೇ ಇರುತ್ತದೆ. ತಪಾಸಣೆಯಲ್ಲಿ ಅದು ಮೊದಲು ಕಣ್ಣಿಗೆ ಬೀಳುವ ಕಾಗದ.

ಪಾವತಿಯ ಕ್ರಮ

ಮುಂಗಡ ಶೇ. 10ನ್ನು ಮೀರಕೂಡದು. ಮೇಲಿನ ಉದಾಹರಣೆಯ ತೆರಿಗೆ ಸಹಿತ 14,16,000 ರೂಪಾಯಿಗೆ ಇದು 1,41,600 ರೂ. ಉಳಿದ ಕಂತುಗಳನ್ನು ದಿನಾಂಕಕ್ಕೆ ಕಟ್ಟದೆ ಕೆಲಸಕ್ಕೆ ಕಟ್ಟಬೇಕು: ಒಡೆಯುವ ಕೆಲಸ ಮುಗಿದು ಕಸ ಹೊರಹೋದ ಮೇಲೆ ಒಂದು, ಕೊಳವೆ ಮತ್ತು ತಂತಿಗಳನ್ನು ಮುಚ್ಚುವ ಮೊದಲು ಛಾಯಾಚಿತ್ರ ಕೊಟ್ಟ ಮೇಲೆ ಒಂದು, ನೀರು ನಿಲ್ಲಿಸಿದ ಪರೀಕ್ಷೆ ಯಶಸ್ವಿಯಾದ ಮೇಲೆ ಒಂದು, ಹೀಗೆ. ನಡುವೆ ಹೇಳುವ ಪ್ರತಿಯೊಂದು ಹೆಚ್ಚುವರಿ ಕೆಲಸಕ್ಕೂ ದರ ಮತ್ತು ದಿನಗಳನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಅನುಮತಿಯ ಪಟ್ಟಿಯಲ್ಲಿಲ್ಲದ ಕೆಲಸವಾದರೆ ಸಂಘಕ್ಕೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಇಲ್ಲದಿದ್ದಲ್ಲಿ ಠೇವಣಿಯನ್ನು ಹಿಡಿದಿಡಲು ನಾವೇ ಕಾರಣ ಒದಗಿಸಿದಂತೆ.

ಕೊನೆಯ ಶೇ. 5, ಅಂದರೆ 70,800 ರೂಪಾಯಿಯನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆದಿಡುವುದಾಗಿ ಒಪ್ಪಂದದಲ್ಲೇ ಬರೆಯಬೇಕು. ಫೆಬ್ರವರಿಯಲ್ಲಿ ಮುಗಿದ ಕೆಲಸದ ಗುಣ ತಿಳಿಯುವುದು ಜುಲೈ ತಿಂಗಳಲ್ಲಿ. ಗುತ್ತಿಗೆದಾರನು ಒಪ್ಪದಿದ್ದರೆ ದರವನ್ನು ಸ್ವಲ್ಪ ಹೆಚ್ಚಿಸಿಯಾದರೂ ಈ ಷರತ್ತನ್ನು ಉಳಿಸಿಕೊಳ್ಳಬಹುದು.

ಸಂಘದ ಠೇವಣಿಗೆ ರಸೀದಿ ಪಡೆಯುವಾಗ ಅದರಲ್ಲಿ 'ಮರುಪಾವತಿ ಠೇವಣಿ' ಎಂಬ ಪದಗಳಿರುವುದನ್ನು ಖಚಿತಪಡಿಸಿಕೊಳ್ಳಿ. 'ದುರಸ್ತಿ ಶುಲ್ಕ', 'ದೇಣಿಗೆ' ಎಂದಿದ್ದರೆ ಅದು ಸಂಘದ ಪುಸ್ತಕದಲ್ಲಿ ಆದಾಯವಾಗಿಬಿಡುತ್ತದೆ; ಮರಳಿ ಕೇಳುವಾಗ ಲೆಕ್ಕಪರಿಶೋಧಕರು ಅಡ್ಡ ಬರುತ್ತಾರೆ. ಠೇವಣಿಯ ದರವನ್ನು ಸರ್ವಸದಸ್ಯರ ಸಭೆ ನಿರ್ಣಯಿಸಿದೆಯೇ, ಎಲ್ಲ ಸದಸ್ಯರಿಗೂ ಒಂದೇ ಆಗಿದೆಯೇ ಎಂದು ಕೇಳುವ ಹಕ್ಕೂ ಇದೆ. ಕೆಲಸ ಮುಗಿದ ವಾರದೊಳಗೆ ಸಮಿತಿಯವರನ್ನು ಮನೆಗೆ ಕರೆದು ತೋರಿಸಿ, ಲಿಫ್ಟು, ಮೆಟ್ಟಿಲುಗಳಿಗೆ ಹಾನಿಯಾಗಿಲ್ಲವೆಂಬ ಪತ್ರವನ್ನೂ ಕೆಳಗಿನ ಮನೆಯವರ ಸಹಿಯನ್ನೂ ಪಡೆದು ಠೇವಣಿ ವಾಪಸಿಗೆ ಬರೆದು ಕೊಡಬೇಕು. ಅಂತಿಮ ನಕ್ಷೆಯ ಒಂದು ಪ್ರತಿ, ಮುಚ್ಚಿದ ಕೊಳವೆ ಮತ್ತು ತಂತಿಗಳ ಛಾಯಾಚಿತ್ರಗಳು, ಎಲ್ಲ ಬಿಲ್ಲುಗಳು, ಬ್ಯಾಂಕಿನ ತಃಖ್ತೆ ಇವನ್ನು ಷೇರು ಪ್ರಮಾಣಪತ್ರದೊಡನೆ ಒಂದೇ ಕಡತದಲ್ಲಿ ಇಡತಕ್ಕದ್ದು. ಮನೆಯನ್ನು ಮಾರುವವನು ಹದಿನೈದು ವರ್ಷದ ನಂತರ ನಿಮ್ಮ ಮಗನಾಗಿರಬಹುದು. ಆ ಬಿಲ್ಲುಗಳನ್ನು ಅವನು ಮತ್ತೆಲ್ಲೂ ಹುಡುಕಲಾರ.